ರಜೆಯ ಏಳು ದಿನ ಹಳ್ಳಿಯಲ್ಲಿ: ಎನ್‌ಎಸ್‌ಎಸ್ ಶಿಬಿರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಹತ್ತಿರ ಬಂದಂತೆ ಸ್ಟಾಫ್ ರೂಮಿನ ಬಾಗಿಲಲ್ಲಿ, ಫೋನಿನಲ್ಲಿ, ಪೋಷಕರ ಪತ್ರಗಳಲ್ಲಿ ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಜೋಡಿಸಿದ್ದೇನೆ. ಮೊದಲ ಸಲ ಹೋಗುವವರ ಪ್ರಶ್ನೆಗಳು ಮೊದಲಿಗಿವೆ. ಶಿಬಿರ ನಡೆಸುವವರ ತಲೆನೋವುಗಳು ಕೊನೆಯಲ್ಲಿವೆ.

## ಈಗಷ್ಟೇ ಹೆಸರು ಕೊಟ್ಟವರಿಗೆ

ಎನ್‌ಎಸ್‌ಎಸ್ ಅಂದ್ರೆ ಏನು ಮೇಡಂ? ಎನ್‌ಸಿಸಿ ತರಾನೇನಾ?

ಅಲ್ಲ. ಎನ್‌ಸಿಸಿ ರಕ್ಷಣಾ ಸಚಿವಾಲಯದ ಕೆಳಗಿದೆ. ಅಲ್ಲಿ ಸಮವಸ್ತ್ರ, ಕವಾಯತು ಇರುತ್ತದೆ. ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಕೇಂದ್ರದ ಯುವಜನ ವ್ಯವಹಾರ ಮತ್ತು ಕ್ರೀಡಾ ಸಚಿವಾಲಯದ್ದು. ಇಲ್ಲಿ ಕೈಗೆ ಸಿಗುವುದು ಗುದ್ದಲಿ, ಪೊರಕೆ. ಒಬ್ಬರೇ ಎರಡರಲ್ಲೂ ಇರುವಂತಿಲ್ಲ. ಹಾಗಾಗಿ ಯೋಚಿಸಿ ಸೇರಿ.

ಓದುವ ಹುಡುಗರು ಸ್ವಲ್ಪ ಕಾಲ ಸಮಾಜದ ಕೆಲಸಕ್ಕೂ ಕೈಹಾಕಬೇಕು ಎಂಬ ಮಾತು ಸ್ವಾತಂತ್ರ್ಯ ಬಂದ ಹೊಸದರಲ್ಲೇ ಇತ್ತು. ಡಾ. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಅದನ್ನು ಹೇಳಿತ್ತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವೂ ಹೇಳಿತು. ಕೊನೆಗೆ ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ಯೋಜನೆ ಶುರುವಾಯಿತು. 37 ವಿಶ್ವವಿದ್ಯಾಲಯಗಳು, 40,000 ವಿದ್ಯಾರ್ಥಿಗಳು. ಅದನ್ನು ಉದ್ಘಾಟಿಸಿದವರು ಆಗಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್. ನಮ್ಮ ಬಳ್ಳಾರಿಯಿಂದಲೇ ಲೋಕಸಭೆಗೆ ಗೆದ್ದವರು, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಮಾಜ, ಅರ್ಥಶಾಸ್ತ್ರದ ಸಂಶೋಧನಾ ಸಂಸ್ಥೆ ಕಟ್ಟಿದವರು. ಶಿಬಿರದ ಉದ್ಘಾಟನೆಯಲ್ಲಿ ಅವರ ಹೆಸರು ಕೇಳಿಬರುವುದು ಅಪರೂಪ, ಅದಕ್ಕೇ ಇಲ್ಲಿ ಹೇಳಿದೆ.

ಶಿಬಿರಕ್ಕೆ ಹೋಗಲೇಬೇಕಾ? ಕಾಲೇಜಲ್ಲೇ ಕೆಲಸ ಮಾಡಿದ್ರೆ ಸಾಲಲ್ವಾ?

ಎರಡೂ ಬೇಕು. ಎರಡು ವರ್ಷದಲ್ಲಿ 240 ಗಂಟೆಗಳ ಸೇವೆ, ಅಂದರೆ ವರ್ಷಕ್ಕೆ 120 ಗಂಟೆ. ಮೊದಲ ವರ್ಷದ 120ರಲ್ಲಿ 20 ಗಂಟೆ ತಿಳಿವಳಿಕೆ ತರಗತಿಗೆ ಹೋಗುತ್ತದೆ. ಇದರ ಜೊತೆಗೆ ಆ ಎರಡು ವರ್ಷದೊಳಗೆ ಒಂದು ಸಲ ಏಳು ದಿನಗಳ ವಿಶೇಷ ಶಿಬಿರ. ಸಾಮಾನ್ಯವಾಗಿ ಒಂದು ಘಟಕದಲ್ಲಿ ನೂರು ಸ್ವಯಂಸೇವಕರಿದ್ದರೆ ಅವರಲ್ಲಿ ಅರ್ಧ ಜನ ಮಾತ್ರ ಒಂದು ವರ್ಷದ ಶಿಬಿರಕ್ಕೆ ಹೋಗುತ್ತಾರೆ. ಈ ವರ್ಷ ಹೆಸರು ಬರಲಿಲ್ಲ ಅಂತ ಮುನಿಸಿಕೊಳ್ಳಬೇಡಿ, ಮುಂದಿನ ವರ್ಷ ನಿಮ್ಮ ಸರದಿ.

ಬ್ಯಾಡ್ಜ್‌ನಲ್ಲಿರೋ ಚಕ್ರ ಯಾವುದು?

ಒಡಿಶಾದ ಕೊನಾರ್ಕ್ ಸೂರ್ಯ ದೇವಾಲಯದ ರಥದ ಚಕ್ರ. ಎಂಟು ಅರೆಗಳು ದಿನದ 24 ಗಂಟೆಗೆ ಗುರುತು, ಯಾವ ಹೊತ್ತಿಗೂ ಸಿದ್ಧ ಅಂತ. ಧ್ಯೇಯವಾಕ್ಯ ‘ನನಗಲ್ಲ ನಿನಗೆ’. ಇಷ್ಟು ಗೊತ್ತಿದ್ದರೆ ರಸಪ್ರಶ್ನೆಗೆ ಸಾಕು.

ಸರ್ಟಿಫಿಕೇಟ್‌ನಿಂದ ಕೆಲಸ ಸಿಗುತ್ತಾ?

ಕೆಲಸ ಸಿಗುವುದಿಲ್ಲ. ಕೆಲವು ವಿಶ್ವವಿದ್ಯಾಲಯಗಳು ಮುಂದಿನ ಕೋರ್ಸ್‌ನ ಸೀಟಿಗೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ, ನಿಯಮ ಒಂದೊಂದು ಕಡೆ ಒಂದೊಂದು ತರ. ನಿಮ್ಮ ವಿಶ್ವವಿದ್ಯಾಲಯದ ಪ್ರವೇಶದ ಅಧಿಸೂಚನೆ ಓದಿ, ಸೀನಿಯರ್ ಹೇಳಿದ್ದನ್ನು ನಂಬಬೇಡಿ. ಗಂಟೆಗಳನ್ನು ಡೈರಿಯಲ್ಲಿ ಆಗಾಗಲೇ ಬರೆದು ಕಾರ್ಯಕ್ರಮಾಧಿಕಾರಿಯ, ಅಂದರೆ ಘಟಕ ನೋಡಿಕೊಳ್ಳುವ ಅಧ್ಯಾಪಕರ, ಸಹಿ ಹಾಕಿಸಿಕೊಳ್ಳಿ. ಕೊನೆ ಸೆಮಿಸ್ಟರ್‌ನಲ್ಲಿ ಒಟ್ಟಿಗೆ ಬರೆಯಲು ಕೂತವರ ಡೈರಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಪೆನ್ನೂ ಒಂದೇ, ಬಣ್ಣವೂ ಒಂದೇ.

ನಮ್ಮ ಊರೇ ಹಳ್ಳಿ. ಇನ್ನೊಂದು ಹಳ್ಳಿಗೆ ಹೋಗಿ ನಾನೇನು ಕಲೀಲಿ?

ಈ ಪ್ರಶ್ನೆ ಕೇಳುವವರೇ ಶಿಬಿರಕ್ಕೆ ಜಾಸ್ತಿ ಬೇಕಾದವರು. ಹಾರೆ ಹೇಗೆ ಹಿಡಿಯಬೇಕು, ಬಾಂಡ್ಲಿಗೆ ಎಷ್ಟು ಮಣ್ಣು ತುಂಬಿದರೆ ಸೊಂಟ ಹಿಡಿಯುವುದಿಲ್ಲ, ಅಜ್ಜಿಯರ ಹತ್ತಿರ ಮಾತು ಎಲ್ಲಿಂದ ಶುರು ಮಾಡಬೇಕು ಅನ್ನುವುದು ನಿಮಗೆ ಗೊತ್ತು. ಪೇಟೆಯ ಹುಡುಗರಿಗೆ ಅದು ಮೂರನೇ ದಿನಕ್ಕೂ ಬರುವುದಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುವ ಹುಡುಗ ಶಿಬಿರದಲ್ಲಿ ತಂಡದ ನಾಯಕನಾಗುವುದನ್ನು ಮತ್ತೆ ಮತ್ತೆ ನೋಡಿದ್ದೇನೆ.

ನೀವು ಕಲಿಯುವುದೂ ಇದೆ. ಸ್ವಂತ ಊರಿನಲ್ಲಿ ನಿಮಗೆ ಒಂದು ಬೀದಿ, ಒಂದು ಮನೆತನ, ಒಂದು ಕಡೆಯ ಮಾತು ಇರುತ್ತದೆ. ಬೇರೆ ಊರಿನಲ್ಲಿ ಎಲ್ಲ ಬೀದಿಯ ಮನೆ ಬಾಗಿಲನ್ನೂ ತಟ್ಟಬೇಕಾಗುತ್ತದೆ. ತಮ್ಮೂರಿನಲ್ಲಿ ಒಮ್ಮೆಯೂ ಕಾಲಿಡದ ಕೇರಿಗೆ ಇನ್ನೊಂದೂರಿನಲ್ಲಿ ಹೋಗಿ ಕೂತವರು ಎಷ್ಟೋ ಜನ.

## ಹೊರಡುವ ಮುಂಚೆ

ಹುಡುಗೀರನ್ನ ಮನೇಲಿ ಕಳಿಸ್ತಿಲ್ಲ ಮೇಡಂ. ಅಪ್ಪನಿಗೆ ಏನು ಹೇಳಲಿ?

‘ಏನೂ ಆಗಲ್ಲ’ ಅಂತ ಹೇಳಬೇಡಿ. ಆ ಮಾತಿಗೆ ಯಾವ ಅಪ್ಪನೂ ಒಪ್ಪುವುದಿಲ್ಲ. ಅವರಿಗೆ ಬೇಕಾಗಿರುವುದು ನಾಲ್ಕು ವಿಷಯ. ಎಲ್ಲಿ ಮಲಗುತ್ತೀರಿ, ಬಚ್ಚಲು ಶೌಚಾಲಯ ಎಲ್ಲಿದೆ, ರಾತ್ರಿ ಜೊತೆಗಿರುವ ಮಹಿಳಾ ಅಧ್ಯಾಪಕರು ಯಾರು, ಅವರ ಫೋನ್ ನಂಬರ್ ಏನು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಹೋಗಿ ತೋರಿಸಿ. ಕಾಲೇಜಿನಿಂದ ಇಷ್ಟು ಉತ್ತರ ಸಿಗದಿದ್ದರೆ ಅಪ್ಪನ ಅನುಮಾನವೇ ಸರಿ. ಮಹಿಳಾ ಅಧ್ಯಾಪಕರಿಲ್ಲದೆ ಹುಡುಗಿಯರನ್ನು ಕರೆದುಕೊಂಡು ಹೋಗುವ ಶಿಬಿರಕ್ಕೆ ಹೋಗಬೇಡಿ ಅಂತಲೇ ನಾನು ಹೇಳುವುದು.

ಇನ್ನೊಂದು ಮಾತು ನಿಮಗೆ. ಶಿಬಿರದಲ್ಲಿ ಸಹಪಾಠಿಯಾಗಲಿ ಅಧ್ಯಾಪಕರಾಗಲಿ ಕೆಟ್ಟದಾಗಿ ನಡೆದುಕೊಂಡರೆ ಅದು ‘ಕಾಲೇಜಿನ ಹೊರಗೆ ಆದದ್ದು’ ಅಂತ ಯಾರೂ ಕೈತೊಳೆದುಕೊಳ್ಳುವಂತಿಲ್ಲ. ಲೈಂಗಿಕ ಕಿರುಕುಳದ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರಲ್ಲಿ ಮಾಡಿದ ನಿಯಮಗಳಲ್ಲಿ ಶಿಬಿರ ನಡೆಯುವ ಜಾಗವನ್ನೂ ಕ್ಯಾಂಪಸ್ ಎಂದೇ ಲೆಕ್ಕ ಹಾಕಲಾಗಿದೆ. ಕಾಲೇಜಿನ ಆಂತರಿಕ ದೂರು ಸಮಿತಿಗೆ ದೂರು ಕೊಡಬಹುದು. ತಕ್ಷಣ ಸಹಾಯ ಬೇಕೆಂದರೆ 112.

ಏನೇನು ತರಬೇಕು?

ಚಾಪೆ, ಹೊದಿಕೆ, ತಟ್ಟೆ ಲೋಟ, ಟಾರ್ಚ್, ಪೂರ್ತಿ ತೋಳಿನ ಹಳೆ ಅಂಗಿ, ಗಟ್ಟಿ ಶೂ, ಟೋಪಿ ಅಥವಾ ಟವೆಲ್, ನೀರಿನ ಬಾಟಲಿ. ಸೊಳ್ಳೆ ಪರದೆ ಇದ್ದರೆ ಖಂಡಿತ ತನ್ನಿ, ಕಾರಣ ಕೆಳಗೆ ಹೇಳುತ್ತೇನೆ. ಚಿನ್ನ ಬೇಡ. ನಾವು ಉಳಿದುಕೊಳ್ಳುವ ಊರ ಶಾಲೆಯ ಕೋಣೆಗೆ ಇರುವುದು ಒಂದೋ ಎರಡೋ ಪ್ಲಗ್. ಐವತ್ತು ಫೋನುಗಳ ಜಗಳ ನೋಡಬಾರದು ಅಂದರೆ ಪವರ್ ಬ್ಯಾಂಕ್ ತನ್ನಿ.

ನನಗೆ ಆಸ್ತಮಾ ಇದೆ. ಹೇಳಿದ್ರೆ ಬೇಡ ಅಂತಾರೇನೋ ಅಂತ ಭಯ.

ಹೇಳಿ. ಆಸ್ತಮಾ, ಫಿಟ್ಸ್, ಸಕ್ಕರೆ ಕಾಯಿಲೆ, ಯಾವುದಾದರೂ ಮಾತ್ರೆಗೆ ಅಲರ್ಜಿ ಇದ್ದರೆ ಕಾರ್ಯಕ್ರಮಾಧಿಕಾರಿಗೂ ಪಕ್ಕದಲ್ಲಿ ಮಲಗುವ ಗೆಳತಿಗೂ ಗೊತ್ತಿರಬೇಕು. ಇನ್‌ಹೇಲರ್ ಎಲ್ಲಿದೆ ಅನ್ನುವುದೂ ಗೊತ್ತಿರಬೇಕು. ಹಳೆ ಕಟ್ಟಡದ ದೂಳು ಹೊಡೆಯುವ ಕೆಲಸದ ಬದಲು ನಿಮಗೆ ಸಮೀಕ್ಷೆ, ಮಕ್ಕಳ ತರಗತಿ, ಅಡುಗೆಯ ಲೆಕ್ಕ ಕೊಡಬಹುದು. ಶಿಬಿರ ಅಂದರೆ ಗುದ್ದಲಿ ಮಾತ್ರ ಅಲ್ಲ. ಅಡುಗೆಯ ಲೆಕ್ಕ ಸರಿಯಾಗಿ ಇಡುವವರು ಸಿಕ್ಕರೆ ನಾವು ಬಿಡುವುದೇ ಇಲ್ಲ.

ಪೀರಿಯಡ್ಸ್ ಶಿಬಿರದ ಮಧ್ಯೆನೇ ಬರುತ್ತೆ. ಹೇಗೆ ಮಾಡೋದು?

ಬೇಕಾದಷ್ಟು ಪ್ಯಾಡ್, ಹಳೆ ಪೇಪರ್, ಕಟ್ಟಿಡಲು ಕವರ್ ತನ್ನಿ. ಆ ದಿನ ಭಾರ ಎತ್ತುವುದು ಬೇಡ ಅನಿಸಿದರೆ ಕಾರಣ ಹೇಳದೆಯೇ ಬೇರೆ ಕೆಲಸ ಕೇಳಬಹುದು. ಬಳಸಿದ ಪ್ಯಾಡನ್ನು ಶಾಲೆಯ ಶೌಚಾಲಯಕ್ಕೆ ಹಾಕಿದರೆ ಗುಂಡಿ ಕಟ್ಟಿಕೊಳ್ಳುತ್ತದೆ. ನಾವು ಹೋದ ಮೇಲೆ ಆ ಶಾಲೆಯ ಹುಡುಗಿಯರು ಒದ್ದಾಡಬೇಕಾಗುತ್ತದೆ. ಪ್ರತ್ಯೇಕ ಮುಚ್ಚಳದ ಡಬ್ಬಿ ಇಡುವುದು, ಅದನ್ನು ಹೇಗೆ ವಿಲೇವಾರಿ ಮಾಡಬೇಕೆಂದು ಮೊದಲೇ ಪಂಚಾಯಿತಿಯವರನ್ನು ಕೇಳಿಕೊಳ್ಳುವುದು ಅಧ್ಯಾಪಕಿಯ ಜವಾಬ್ದಾರಿ.

## ಶಿಬಿರದೊಳಗೆ

ಬೆಳಿಗ್ಗೆ ಐದಕ್ಕೇ ಎಬ್ಬಿಸ್ತಾರಂತೆ, ನಿಜವಾ?

ಹೆಚ್ಚು ಕಡಿಮೆ ನಿಜ. ಎದ್ದು ವ್ಯಾಯಾಮ, ಧ್ವಜಾರೋಹಣ, ತಿಂಡಿ, ಬಿಸಿಲೇರುವ ತನಕ ಶ್ರಮದಾನ. ಊಟದ ನಂತರ ಉಪನ್ಯಾಸ, ಸಂಜೆ ಮನೆ ಭೇಟಿ, ರಾತ್ರಿ ಶಾಲೆಯ ಅಂಗಳದಲ್ಲಿ ಸಾಂಸ್ಕೃತಿಕ ಕಾರ್ಯಕ್ರಮ. ತಂಡಗಳಿಗೆ ಅಡುಗೆ, ಸ್ವಚ್ಛತೆ, ವರದಿ ಅಂತ ಸರದಿ ಇರುತ್ತದೆ. ಮರುದಿನ ಬೆಳಿಗ್ಗೆ ಹಿಂದಿನ ದಿನದ ವರದಿ ಓದಬೇಕು. ಊಟದ ನಂತರದ ಉಪನ್ಯಾಸದಲ್ಲಿ ನಿದ್ದೆ ಬರುವುದು ನಿಮ್ಮ ತಪ್ಪಲ್ಲ, ವೇಳಾಪಟ್ಟಿ ಹಾಕಿದವರ ತಪ್ಪು. ಆ ಹೊತ್ತಿಗೆ ಊರಿನ ರೈತರನ್ನೋ ಸೂಲಗಿತ್ತಿಯನ್ನೋ ಕರೆದು ಮಾತಾಡಿಸಿದರೆ ಯಾರೂ ತೂಕಡಿಸುವುದಿಲ್ಲ.

ಶಾಲೆ ನೆಲದ ಮೇಲೆ ಮಲಗ್ತೀವಿ. ಹಾವು ಬಂದ್ರೆ?

ನಗಬೇಕಾದ ಪ್ರಶ್ನೆಯಲ್ಲ ಇದು. ನಮ್ಮಲ್ಲಿ ಜೀವ ತೆಗೆಯುವ ಹಾವುಗಳಲ್ಲಿ ಮುಖ್ಯವಾದವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಇವುಗಳಲ್ಲಿ ಕಟ್ಟುಹಾವಿನ ಕಡೆ ಶಿಬಿರದವರು ಗಮನ ಕೊಡಬೇಕು. ಅದು ಓಡಾಡುವುದು ರಾತ್ರಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುವುದೂ ಉಂಟು. ಕಚ್ಚಿದ ಗುರುತು ಸರಿಯಾಗಿ ಕಾಣುವುದಿಲ್ಲ, ಊತವೂ ನೋವೂ ಅಷ್ಟಾಗಿ ಇರುವುದಿಲ್ಲ. ಹೊಟ್ಟೆನೋವು ಅಂತ ಎದ್ದವರು ಸ್ವಲ್ಪ ಹೊತ್ತಿಗೆ ಕಣ್ಣು ರೆಪ್ಪೆ ಎತ್ತಲಾಗದೆ, ಮಾತು ತೊದಲುತ್ತಾ, ಉಸಿರಿಗೆ ಕಷ್ಟಪಡುತ್ತಾರೆ. ರಾತ್ರಿ ಇಂಥ ಲಕ್ಷಣ ಕಂಡರೆ ‘ಗ್ಯಾಸ್ ಇರಬೇಕು’ ಅಂತ ಸೋಡಾ ಕುಡಿಸಿ ಮಲಗಿಸಬೇಡಿ.

ತಪ್ಪಿಸುವುದು ಸುಲಭ. ಸೊಳ್ಳೆ ಪರದೆ ಕಟ್ಟಿ ಅದರ ಅಂಚನ್ನು ಚಾಪೆಯ ಕೆಳಗೆ ಸುತ್ತಲೂ ಸಿಕ್ಕಿಸಿ. ಗೋಡೆಯಿಂದ ಸ್ವಲ್ಪ ದೂರ ಮಲಗಿ. ತಿಂಡಿಯ ಚೂರು ಕೋಣೆಯಲ್ಲಿ ಬಿಡಬೇಡಿ. ಅದಕ್ಕೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ರಾತ್ರಿ ಹೊರಗೆ ಹೋಗುವಾಗ ಟಾರ್ಚ್, ಚಪ್ಪಲಿ ಬೇಕೇ ಬೇಕು. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ.

ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಉಂಗುರ, ಬಳೆ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದ ಹಾಗೆ ಕೋಲು ಇಟ್ಟು ಸಡಿಲವಾಗಿ ಸುತ್ತಿ. ನಡೆಸದೆ ಎತ್ತಿಕೊಂಡು ಹೋಗಿ. 108ಕ್ಕೆ ಕರೆ ಮಾಡಿ. ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಈ ನಾಲ್ಕು ಹಾವಿನ ವಿಷಕ್ಕೂ ಔಷಧ ಒಂದೇ. ಅದು ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಅನ್ನುವುದನ್ನು ಕಾರ್ಯಕ್ರಮಾಧಿಕಾರಿ ಶಿಬಿರಕ್ಕೆ ಮುಂಚೆಯೇ ಫೋನ್ ಮಾಡಿ ಕೇಳಿ ಬರೆದಿಟ್ಟಿರಬೇಕು. ನೀವೇ ಅವರನ್ನು ಕೇಳಿ. ಕೇಳಿದರೆ ತಪ್ಪೇನಿಲ್ಲ.

ಊರ ನೀರು ಕುಡಿಯಬಹುದಾ?

ಕುದಿಸಿ ಆರಿಸಿ ಕುಡಿಯಿರಿ. ಆದರೆ ಕುದಿಸಿದರೆ ಸಾಯುವುದು ರೋಗಾಣು ಮಾತ್ರ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಕಡೆ, ಪಾವಗಡದ ಸುತ್ತಮುತ್ತ ಇರುವ ಹಾಗೆ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ವರ್ಷಗಟ್ಟಲೆ ಕುಡಿದವರ ಹಲ್ಲು, ಮೂಳೆಗೆ ತೊಂದರೆ. ಏಳು ದಿನಕ್ಕೆ ನಿಮಗೆ ಏನೂ ಆಗುವುದಿಲ್ಲ. ಆದರೆ ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಂಡರೆ ಅದನ್ನು ವರದಿಯಲ್ಲಿ ಬರೆಯಿರಿ, ನೀರಿನ ಪರೀಕ್ಷೆಗೆ ಪಂಚಾಯಿತಿಯನ್ನು ಕೇಳಿ. ಅದು ರಸ್ತೆ ಗುಡಿಸುವುದಕ್ಕಿಂತ ದೊಡ್ಡ ಕೆಲಸ.

ಯಾರಿಗಾದರೂ ಭೇದಿ ಶುರುವಾದರೆ ಒಆರ್‌ಎಸ್ ಕೊಡಿ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟವಾಗಿರಲಿ, ರಾಶಿ ಬೇಡ. ಉಪ್ಪು ಹೆಚ್ಚಾದರೆ ಅಪಾಯ.

ರಕ್ತದಾನ ಎಲ್ರೂ ಮಾಡಲೇಬೇಕಾ? ಪಟ್ಟಿಯಲ್ಲಿ ನನ್ನ ಹೆಸರೂ ಹಾಕಿದ್ದಾರೆ.

ಬೇಡ ಅನಿಸಿದರೆ ಬೇಡ. 18 ತುಂಬಿರಬೇಕು, ತೂಕ 45 ಕಿಲೋಗ್ರಾಂ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಪಿಯು ಮಕ್ಕಳಲ್ಲಿ ಎಷ್ಟೋ ಜನಕ್ಕೆ 18 ಆಗಿರುವುದಿಲ್ಲ. ಹುಡುಗಿಯರಲ್ಲಿ ಹಿಮೋಗ್ಲೋಬಿನ್ ಕಡಿಮೆ ಇರುವವರು ಜಾಸ್ತಿ. ಒಮ್ಮೆ ಕೊಟ್ಟ ಮೇಲೆ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಟ್ಟು ಕೊಡಬಹುದು. ‘ನಮ್ಮ ಘಟಕದಿಂದ ಇಷ್ಟು ಯೂನಿಟ್’ ಅಂತ ಬ್ಯಾನರ್‌ಗೆ ಅಂಕಿ ಬೇಕು ಅಂತ ಒತ್ತಾಯ ಮಾಡಿಸುವುದು ನನಗಂತೂ ಇಷ್ಟವಿಲ್ಲ. ಬೆಳಿಗ್ಗೆ ಗುದ್ದಲಿ ಹಿಡಿದು ದಣಿದವರ ರಕ್ತವನ್ನು ಅದೇ ದಿನ ತೆಗೆಯುವ ವೇಳಾಪಟ್ಟಿಯಂತೂ ಬೇಡವೇ ಬೇಡ.

ನಾವು ಚರಂಡಿ ತೆಗೀತಾ ಇದ್ರೆ ಊರವರು ಕಟ್ಟೆ ಮೇಲೆ ಕೂತು ನೋಡ್ತಾರೆ. ತುಂಬಾ ಬೇಜಾರಾಗುತ್ತೆ.

ಪ್ರತಿ ಶಿಬಿರದಲ್ಲೂ ಮೂರನೇ ದಿನದ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ. ಮೊದಲು ಕಟ್ಟೆ ಮೇಲೆ ಕೂತವರು ಯಾರು ಅಂತ ನೋಡಿ. ಬಹುತೇಕ ವಯಸ್ಸಾದವರು. ದುಡಿಯುವವರು ಆ ಹೊತ್ತಿಗೆ ಹೊಲದಲ್ಲೋ, ಕೂಲಿಗೋ, ಗಾರ್ಮೆಂಟ್ಸ್ ಬಸ್ಸಿನಲ್ಲೋ ಇರುತ್ತಾರೆ. ಅವರು ಒಂದು ದಿನ ನಿಮ್ಮ ಜೊತೆ ನಿಂತರೆ ಒಂದು ದಿನದ ಕೂಲಿ ಹೋಯಿತು. ನಿಮಗೆ ರಜೆ ಇದೆ, ಅವರಿಗಿಲ್ಲ.

ಎರಡನೆಯದು, ಆ ಚರಂಡಿ ತೆಗೆಯಿರಿ ಅಂತ ಕೇಳಿದವರು ಯಾರು? ಪಂಚಾಯಿತಿ ಅಧ್ಯಕ್ಷರು ತೋರಿಸಿದರು, ನೀವು ಇಳಿದಿರಿ. ಚರಂಡಿ ಕಟ್ಟಿಕೊಂಡದ್ದು ಯಾಕೆ ಅಂತ ಆ ಬೀದಿಯ ಹೆಂಗಸರನ್ನು ಕೇಳಿದರೆ ‘ಮುಂದೆ ನೀರು ಹೋಗೋಕೆ ದಾರಿನೇ ಇಲ್ಲ, ಎಷ್ಟು ಸಲ ತೆಗೆದ್ರೂ ಹದಿನೈದು ದಿನಕ್ಕೆ ಮತ್ತೆ ಇದೇ’ ಅನ್ನುತ್ತಾರೆ. ಅವರಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲ. ಅದಕ್ಕೇ ಅವರು ಕೂತು ನೋಡುತ್ತಿದ್ದಾರೆ, ಸೋಮಾರಿತನಕ್ಕಲ್ಲ.

ಊರು ತಾನೇ ಕೇಳಿದ ಕೆಲಸಕ್ಕೆ ಊರೇ ಬರುತ್ತದೆ. ಶಾಲೆಯ ಕಾಂಪೌಂಡ್ ಪಕ್ಕದ ಮುಳ್ಳು ತೆಗೆಯುವಾಗ ತಾಯಂದಿರು ಮಚ್ಚು ಹಿಡಿದು ಬಂದದ್ದನ್ನು ನೋಡಿದ್ದೇನೆ. ಅಲ್ಲಿ ಅವರ ಮಕ್ಕಳು ಆಡುತ್ತಾರೆ. ಸಮಯವನ್ನೂ ಬದಲಿಸಿ ನೋಡಿ. ಸಂಜೆ ಐದರ ಮೇಲೆ ಒಂದು ಗಂಟೆ ಕೆಲಸ ಇಟ್ಟರೆ ಬೆಳಿಗ್ಗೆ ಕಾಣದವರು ಕಾಣುತ್ತಾರೆ.

ಮಕ್ಕಳ ಜೊತೆ ತೆಗೆದ ಫೋಟೋ ಸ್ಟೇಟಸ್‌ಗೆ ಹಾಕಬಹುದಾ?

ಅಪ್ಪ ಅಮ್ಮ ಅಥವಾ ಶಾಲೆಯವರನ್ನು ಕೇಳದೆ ಹಾಕಬೇಡಿ. ಹರಿದ ಅಂಗಿ, ಸುರಿಯುವ ಮೂಗಿನ ಮಗುವನ್ನೇ ಹುಡುಕಿ ತೆಗೆದ ಫೋಟೋವನ್ನಂತೂ ಯಾರನ್ನು ಕೇಳಿದರೂ ಹಾಕಬೇಡಿ. ನಿಮ್ಮ ಚಿಕ್ಕಂದಿನ ಅಂಥ ಫೋಟೋ ಯಾರೋ ಹಾಕಿದರೆ ಹೇಗಿರುತ್ತದೆ ಅಲ್ವಾ?

ಮನೆ ಭೇಟಿಗೆ ಹೋದಾಗ ‘ನೀವು ಯಾವ ಜನ’ ಅಂತ ಕೇಳ್ತಾರೆ. ಏನು ಹೇಳೋದು?

ಕೇಳುತ್ತಾರೆ, ನೇರವಾಗಿ ಅಲ್ಲದಿದ್ದರೂ ಅಪ್ಪನ ಹೆಸರು, ಮನೆದೇವರು ಕೇಳಿ ಅಂದಾಜು ಮಾಡುತ್ತಾರೆ. ‘ಕಾಲೇಜಿನವರು ಅಜ್ಜಿ’ ಅಂತ ಹೇಳಿ ಮಾತು ಮುಂದುವರಿಸಿ. ಹೇಳಲೇಬೇಕೆಂಬ ಬಾಧ್ಯತೆ ಯಾರಿಗೂ ಇಲ್ಲ. ವಾದಕ್ಕೆ ನಿಲ್ಲುವುದರಿಂದ ಆ ಬಾಗಿಲು ಮುಚ್ಚುತ್ತದೆ ಅಷ್ಟೇ. ಆದರೆ ಗೆಳೆಯನೊಬ್ಬನನ್ನು ಮಾತ್ರ ಒಳಗೆ ಕರೆಯದೆ ಜಗಲಿಯಲ್ಲಿ ನಿಲ್ಲಿಸಿದರೆ, ಅವನ ಲೋಟ ಬೇರೆ ಇಟ್ಟರೆ, ಇಡೀ ತಂಡ ಎದ್ದು ಬರಬೇಕು. ಕಾಫಿ ಬಿಟ್ಟು ಬಂದರೆ ಏನೂ ನಷ್ಟವಿಲ್ಲ.

ನಾವು ನಮ್ಮೊಳಗೆ ನೋಡಿಕೊಳ್ಳಬೇಕಾದದ್ದೂ ಇದೆ. ಶ್ರಮದಾನ ಯಾವ ಬೀದಿಯಲ್ಲಿ ನಡೆಯುತ್ತದೆ? ದೇವಸ್ಥಾನದ ಮುಂದೆ, ಬಸ್ ನಿಲ್ದಾಣದ ಹತ್ತಿರ, ಮುಖ್ಯ ರಸ್ತೆಯಲ್ಲಿ. ದಲಿತರ ಕೇರಿಗೆ ಕೊನೆಯ ದಿನ ಜಾಥಾ ಮಾತ್ರ ಹೋಗುತ್ತದೆ. ಉಪನ್ಯಾಸಕ್ಕೆ ಊರವರು ಬರಲಿಲ್ಲ ಅಂತ ದೂರುವ ಮುಂಚೆ ವೇದಿಕೆ ಎಲ್ಲಿ ಹಾಕಿದ್ದೇವೆ, ಅಲ್ಲಿಗೆ ಯಾರು ಸಂಕೋಚವಿಲ್ಲದೆ ಬರಬಲ್ಲರು ಅಂತ ಯೋಚಿಸಬೇಕು. ಶಾಲೆಯ ಅಂಗಳ ಎಲ್ಲರದ್ದು. ದೇವಸ್ಥಾನದ ಅಂಗಳ ಎಷ್ಟೋ ಊರಿನಲ್ಲಿ ಇನ್ನೂ ಎಲ್ಲರದ್ದಾಗಿಲ್ಲ.

## ಶಿಬಿರ ನಡೆಸುವವರಿಗೆ

ಊರನ್ನು ಹೇಗೆ ಆರಿಸೋದು? ಪರಿಚಯದವರು ಇರೋ ಕಡೆ ಸುಲಭ ಅಲ್ವಾ?

ಸುಲಭ ಹೌದು, ಊಟಕ್ಕೆ ತೊಂದರೆ ಇಲ್ಲ. ಆದರೆ ಪರಿಚಯದವರು ಊರಿನ ಒಂದು ಬಣದವರಾಗಿದ್ದರೆ ಶಿಬಿರವೂ ಆ ಬಣದ್ದಾಗುತ್ತದೆ. ಚುನಾವಣೆ ಹತ್ತಿರವಿದ್ದರಂತೂ ಕೇಳಲೇಬೇಡಿ.

ಮುಂಚಿತವಾಗಿ ಹೋಗಿ. ಒಮ್ಮೆ ಪಂಚಾಯಿತಿಯ ಪಿಡಿಒ, ಮುಖ್ಯೋಪಾಧ್ಯಾಯರು, ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯವರ ಜೊತೆ ಕೂರಲು. ಇನ್ನೊಮ್ಮೆ ಅವರ್‍ಯಾರೂ ಜೊತೆಗಿಲ್ಲದೆ ಊರಿನಲ್ಲಿ ಸುಮ್ನೆ ತಿರುಗಾಡಲು. ಎರಡನೆಯ ಭೇಟಿಯಲ್ಲಿ ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಟೀಚರ್‌ರನ್ನು ಮಾತಾಡಿಸಿ. ಯಾವ ಮನೆಯಲ್ಲಿ ಯಾರಿಗೆ ಏನು ಕಷ್ಟ ಅನ್ನುವುದು ಅವರಷ್ಟು ಗೊತ್ತಿರುವವರು ಇಲ್ಲ. ನಮ್ಮ ರಜೆ ಶಾಲೆಯ ರಜೆ ಎರಡೂ ಒಂದೇ ಸಲ ಇವೆಯಾ ನೋಡಿಕೊಳ್ಳಿ. ಶಾಲೆ ನಡೆಯುವಾಗ ಕೋಣೆ ತೆಗೆದುಕೊಂಡರೆ ಮಕ್ಕಳು ಮರದ ಕೆಳಗೆ ಕೂರಬೇಕಾಗುತ್ತದೆ. ಬಿಸಿಯೂಟದ ಅಡುಗೆಮನೆ ಬಳಸುವುದಾದರೆ ಅಡುಗೆಯವರನ್ನು ಮೊದಲೇ ಕೇಳಿ, ಅವರ ಪಾತ್ರೆಯ ಲೆಕ್ಕ ಬರೆದುಕೊಳ್ಳಿ. ವರ್ಷಕ್ಕೊಂದು ಹೊಸ ಊರಿಗಿಂತ ದತ್ತು ತೆಗೆದುಕೊಂಡ ಒಂದೇ ಊರಿಗೆ ಮೂರು ನಾಲ್ಕು ವರ್ಷ ಹೋಗುವುದು ಒಳ್ಳೆಯದು.

ಗಿಡ ನೆಡೋದು, ರಸ್ತೆ ಗುಡಿಸೋದು ಬಿಟ್ಟು ಬೇರೆ ಏನು ಕೆಲಸ ಹಾಕಿಕೊಳ್ಳಬಹುದು?

ಗಿಡದ ವಿಷಯ ಮೊದಲು ಮುಗಿಸೋಣ. ಶಿಬಿರ ಫೆಬ್ರವರಿ ಮಾರ್ಚ್‌ನಲ್ಲಿ ಇದ್ದರೆ ಗಿಡ ನೆಡಬೇಡಿ. ಮುಂಗಾರು ಬರುವುದು ಜೂನ್‌ನಲ್ಲಿ. ಅಲ್ಲಿಯವರೆಗೆ ನೀರು ಹಾಕುವವರು ಯಾರು? ಅತಿಥಿಗಳು ನೆಟ್ಟ ಸಸಿ ಫೋಟೋದಲ್ಲಿ ಹಸಿರಾಗಿರುತ್ತದೆ, ಏಪ್ರಿಲ್‌ನಲ್ಲಿ ಕಡ್ಡಿಯಾಗಿರುತ್ತದೆ. ಬೇಸಿಗೆಯ ಶಿಬಿರದಲ್ಲಿ ಗುಂಡಿ ಮಾತ್ರ ತೋಡಿ, ಮಣ್ಣು ಬಿಸಿಲಿಗೆ ಒಣಗಲಿ. ಮಳೆ ಬಿದ್ದ ಮೇಲೆ ಒಂದು ಭಾನುವಾರ ಬಂದು ನೆಡಿ, ಬೇಲಿ ಕಟ್ಟಿ. ಯಾವ ಗಿಡ ಬೇಕು ಅಂತ ಊರವರೇ ಹೇಳಲಿ. ಹೊಂಗೆ, ಬೇವು, ನೇರಳೆ ಅನ್ನುತ್ತಾರೋ, ಮನೆ ಹಿತ್ತಲಿಗೆ ನುಗ್ಗೆ, ನಿಂಬೆ ಅನ್ನುತ್ತಾರೋ ಕೇಳಿ. ಹಿತ್ತಲಿನ ಗಿಡ ಬದುಕುತ್ತದೆ, ಪಾತ್ರೆ ತೊಳೆದ ನೀರು ಅದಕ್ಕೆ ದಿನವೂ ಸಿಗುತ್ತದೆ.

ಬೇಸಿಗೆಗೆ ಹೇಳಿ ಮಾಡಿಸಿದ ಕೆಲಸಗಳು ಬೇರೆ ಇವೆ. ನೀರು ಬತ್ತಿರುವಾಗ ಕಲ್ಯಾಣಿಯ ಹೂಳು, ಗಿಡಗಂಟಿ ತೆಗೆಯುವುದು. ಮೆಟ್ಟಿಲ ಸಂದಿಯ ಆಲ, ಅರಳಿ ಬೇರನ್ನು ಎಳೆದು ಕೀಳಬೇಡಿ, ಕಲ್ಲೇ ಎದ್ದು ಬರುತ್ತದೆ. ಕತ್ತರಿಸಿ, ಉಳಿದದ್ದನ್ನು ಗೊತ್ತಿರುವವರಿಗೆ ಬಿಡಿ. ಕಲ್ಯಾಣಿ ಪುರಾತತ್ವ ಇಲಾಖೆಗೆ ಸೇರಿದ್ದಾದರೆ ಅನುಮತಿ ಇಲ್ಲದೆ ಮುಟ್ಟಬಾರದು.

ನನಗೆ ಹೆಚ್ಚು ಇಷ್ಟವಾದದ್ದು ಇಂಗುಗುಂಡಿ. ನಲ್ಲಿಯ ಕೆಳಗೆ, ಬಚ್ಚಲ ಹಿಂದೆ ನಿಂತ ನೀರಿನಲ್ಲಿ ಸೊಳ್ಳೆ ಬೆಳೆಯುತ್ತದೆ, ಅದರಿಂದ ಅಕ್ಕಪಕ್ಕದ ಮನೆಯವರಿಗೆ ಜಗಳ. ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ ತೋಡಿ. ಕೆಳಗೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಅದರ ಮೇಲೆ ಜಲ್ಲಿ, ಮರಳು ತುಂಬಿ. ಕುಡಿಯುವ ನೀರಿನ ಬಾವಿಯಿಂದ ದೂರವಿರಲಿ. ಒಂದು ಗುಂಡಿಯಿಂದ ಹೊರಬರುವ ಮಣ್ಣು ಸುಮಾರು ಒಂದೂವರೆ ಟನ್. ಐದಾರು ಜನರ ತಂಡಕ್ಕೆ ಒಂದು ಬೆಳಗಿನ ಕೆಲಸ, ಕಲ್ಲುನೆಲವಾದರೆ ಎರಡು. ಮನೆಯವರು ಕಲ್ಲು ಒದಗಿಸಲಿ. ಕಲ್ಲು ಕೊಟ್ಟ ಮನೆಯವರು ವರ್ಷ ಕಳೆದ ಮೇಲೆ ಮರಳು ತೆಗೆದು ತೊಳೆದು ಹಾಕುತ್ತಾರೆ. ಎಲ್ಲ ನಾವೇ ಮಾಡಿಕೊಟ್ಟ ಮನೆಯಲ್ಲಿ ಅದು ಕಟ್ಟಿಕೊಂಡು ನಿಲ್ಲುತ್ತದೆ.

ಮೈ ಬಗ್ಗಿಸದ ಕೆಲಸವೂ ಇದೆ. ಪಿಂಚಣಿ ನಿಂತುಹೋದ ಅಜ್ಜಿಯರ ಕಾಗದಪತ್ರ ನೋಡಿ ಅರ್ಜಿ ಬರೆದುಕೊಡುವುದು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದನ್ನು ಹೈಸ್ಕೂಲ್ ಮಕ್ಕಳಿಗೆ ಕಲಿಸುವುದು, ಶಾಲೆಯ ಗ್ರಂಥಾಲಯದ ಬೀರು ತೆಗೆದು ಪುಸ್ತಕಗಳ ಪಟ್ಟಿ ಮಾಡುವುದು. ಆ ಬೀರುವಿನ ಕೀ ಹುಡುಕುವುದಕ್ಕೇ ಅರ್ಧ ದಿನ ಹೋಗಬಹುದು, ಅದು ಬೇರೆ ಮಾತು.

ಶೌಚಗುಂಡಿ, ಹಳೆ ಬಾವಿ ಕ್ಲೀನ್ ಮಾಡಿಕೊಡಿ ಅಂತ ಊರವರು ಕೇಳ್ತಾರೆ. ಒಪ್ಪಬಹುದಾ?

ಇಲ್ಲ. ಶೌಚಗುಂಡಿ, ಮ್ಯಾನ್‌ಹೋಲ್‌ಗೆ ಯಾರನ್ನೂ ಇಳಿಸುವ ಮಾತೇ ಬೇಡ. ಅಂಥ ಅಪಾಯದ ಕೆಲಸಕ್ಕೆ ಜನರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ತಡೆದಿದೆ. ಮುಚ್ಚಿದ ಗುಂಡಿಯಲ್ಲಿ, ಬಳಸದ ಬಾವಿಯಲ್ಲಿ ವಿಷಾನಿಲ ತುಂಬಿರುತ್ತದೆ ಅಥವಾ ಆಮ್ಲಜನಕ ಇರುವುದಿಲ್ಲ. ಮೊದಲು ಇಳಿದವನು ಬಿದ್ದರೆ ಎತ್ತಲು ಇಳಿದವನೂ ಬೀಳುತ್ತಾನೆ. ವಾಸನೆ ಇಲ್ಲ ಅಂದರೆ ಅಪಾಯ ಇಲ್ಲ ಅಂತಲ್ಲ. ಬಾವಿಯ ಸುತ್ತ ಕಟ್ಟೆ, ಬೇಲಿ ಮಾಡಿಕೊಡಬಹುದು. ವಿದ್ಯುತ್ ಕಂಬದ ಹತ್ತಿರದ ಕೊಂಬೆ ಕಡಿಯುವುದು, ಹೆದ್ದಾರಿ ಪಕ್ಕದ ಕೆಲಸ, ಕೆರೆಯಲ್ಲಿ ಈಜು, ಇವಕ್ಕೂ ಇದೇ ಉತ್ತರ.

ಸಮೀಕ್ಷೆ ಮಾಡಿದ ಫಾರಂಗಳನ್ನು ಏನು ಮಾಡೋದು?

ಬೀರುವಿನಲ್ಲಿ ಇಡುವುದಾದರೆ ಸಮೀಕ್ಷೆಯೇ ಬೇಡ. ಸಾಲ ಎಷ್ಟಿದೆ, ಶೌಚಾಲಯ ಇದೆಯಾ ಅಂತ ಮನೆಯವರ ಬಾಯಿಂದ ಹೇಳಿಸಿ ಆಮೇಲೆ ಮರೆತರೆ ಅದು ಅವರ ಸಮಯ ಕದ್ದ ಹಾಗೆ. ಕಡಿಮೆ ಕೇಳಿ. ಆಧಾರ್ ನಂಬರ್, ಬ್ಯಾಂಕ್ ವಿವರ ಬರೆದುಕೊಳ್ಳಲೇಬೇಡಿ. ಕೊನೆಯ ಸಂಜೆ ಮು‌ಖ್ಯ ಅಂಶಗಳನ್ನು ಹೆಸರು ಹೇಳದೆ ಊರವರ ಮುಂದೆ ಓದಿ, ಒಂದು ಪ್ರತಿ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ಕೈಯಲ್ಲಿ ಹಿಡಿದು ಮಾತಾಡಲು ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.

ನೇರವಾಗಿ ಕೇಳ್ತೀನಿ. ಐವತ್ತು ಹುಡುಗರು ಏಳು ದಿನ ಮಾಡೋದನ್ನ ಜೆಸಿಬಿ ಒಂದೇ ದಿನದಲ್ಲಿ ಮಾಡುತ್ತೆ. ಇದೆಲ್ಲ ಯಾಕೆ?

ಜೆಸಿಬಿ ಮಾಡುವ ಕೆಲಸವನ್ನು ಜೆಸಿಬಿಗೇ ಬಿಡಿ. ಕೂಲಿ ಕೊಟ್ಟು ಮಾಡಿಸಬೇಕಾದ ಕೆಲಸವನ್ನೂ ಬಿಡಿ. ಊರಿನ ಕೂಲಿಕಾರರಿಗೆ ಸಿಗಬೇಕಾದ ಕೆಲಸವನ್ನು ನಾವು ಪುಕ್ಕಟೆ ಮಾಡಿದರೆ ಅವರ ಅನ್ನಕ್ಕೆ ಕಲ್ಲು ಹಾಕಿದ ಹಾಗೆ, ಇದನ್ನು ಶಿಬಿರದ ವರದಿಗಳಲ್ಲಿ ಯಾರೂ ಬರೆಯುವುದಿಲ್ಲ. ಹಾಗಾದರೆ ಉಳಿಯುವುದೇನು? ಯಾರ ಲೆಕ್ಕಕ್ಕೂ ಬರದೆ ಬಿದ್ದಿರುವ ಸಣ್ಣ ಕೆಲಸಗಳು. ಯಂತ್ರ ಹೋಗಲಾಗದ ಓಣಿ, ಕೀ ಕಳೆದ ಬೀರು, ಅರ್ಜಿ ಬರೆಯಲು ಬಾರದ ಅಜ್ಜಿ.

ಲಾಭ ಊರಿಗಿಂತ ಹುಡುಗರಿಗೇ ಜಾಸ್ತಿ ಅನ್ನುವುದೂ ನಿಜ. ಅದನ್ನು ಮುಚ್ಚಿಡಬಾರದು. ಊರಿನವರು ಜಾಗ ಕೊಟ್ಟು, ನೀರು ಕೊಟ್ಟು, ನಮ್ಮ ಮಕ್ಕಳಿಗೆ ಏಳು ದಿನ ಪಾಠ ಮಾಡುತ್ತಾರೆ. ಸಮಾರೋಪದಲ್ಲಿ ‘ನಿಮ್ಮೂರನ್ನು ಉದ್ಧಾರ ಮಾಡಿದೆವು’ ಅನ್ನುವ ಧಾಟಿಯ ಭಾಷಣ ಬೇಡ. ಊರವರಿಗೆ ಮೈಕ್ ಕೊಡಿ, ಏನು ಸರಿ ಹೋಗಲಿಲ್ಲ ಅಂತ ಕೇಳಿ. ಹೇಳುತ್ತಾರೆ. ‘ರಾತ್ರಿ ಸ್ಪೀಕರ್ ಸೌಂಡ್ ಜಾಸ್ತಿ ಆಯ್ತು’ ಅನ್ನುವುದು ಬಹುತೇಕ ಮೊದಲನೆಯದು.

ಶಿಬಿರ ಮುಗಿದ ಮೇಲೆ ಆ ಊರಿಗೆ ಮತ್ತೆ ಹೋಗಬೇಕಾ?

ಹೋಗಬೇಕು, ಐವತ್ತು ಜನ ಬೇಡ. ಮೊದಲ ಮಳೆ ಬಿದ್ದ ಮೇಲೆ ಆರೆಂಟು ಜನ ಹೋಗಿ. ಇಂಗುಗುಂಡಿ ನೀರು ಹೀರುತ್ತಿದೆಯಾ, ಪಿಂಚಣಿ ಅರ್ಜಿ ಎಲ್ಲಿಗೆ ಬಂತು, ನೀರಿನ ಪರೀಕ್ಷೆಯ ಫಲಿತಾಂಶ ಬಂತಾ ನೋಡಿಕೊಂಡು ಬನ್ನಿ. ತೋಡಿದ ಗುಂಡಿಗಳಿಗೆ ಗಿಡ ನೆಡುವುದೂ ಅದೇ ದಿನ ಆಗುತ್ತದೆ. ಈ ಓಡಾಟಕ್ಕೆ ಬೇರೆ ಸಮಯ ಎಲ್ಲಿಂದ ತರೋಣ ಅಂತ ಕೇಳುತ್ತೀರಿ. ವರ್ಷದ 120 ಗಂಟೆಗಳಲ್ಲಿ ಇದನ್ನೇ ಬರೆದುಕೊಳ್ಳಿ. ಕಾಲೇಜಿನ ಅದೇ ಮೈದಾನವನ್ನು ಪ್ರತಿ ಶನಿವಾರ ಗುಡಿಸುವುದಕ್ಕಿಂತ ಆ ಗಂಟೆಗಳಿಗೆ ಇದು ಮೇಲು.